ಹಿರಿಯರಿಗೆ ಹಾಸಿಗೆಯೇ ಮುಳುವಾದಾಗ

ಕಾಯಿಲೆ ಬಲವಾದವರನ್ನು ಕುರಿತು ನಾವು ‘ಹಾಸಿಗೆ ಹಿಡಿದಿದ್ದಾರೆ’ ಎನ್ನುತ್ತೇವೆ. ಕಾಯಿಲೆ ಮೊದಲು, ಹಾಸಿಗೆ ಆಮೇಲೆ ಎಂಬ ತಿಳಿವಳಿಕೆ ಈ ಮಾತಿನಲ್ಲಿದೆ. ಎಪ್ಪತ್ತು ದಾಟಿದವರ ಮಟ್ಟಿಗೆ ಈ ಕ್ರಮ ಎಷ್ಟೋ ಸಲ ತಿರುವುಮುರುವಾಗುತ್ತದೆ. ಬಂದ ಕಾಯಿಲೆ ವಾಸಿಯಾಗಿ ಹೋದರೂ ಅದರ ನೆವದಲ್ಲಿ ಹಾಸಿದ ಹಾಸಿಗೆ ಅವರನ್ನು ಬಿಡುವುದಿಲ್ಲ. ವೈದ್ಯಕೀಯ ಸಂಶೋಧನೆ ಈ ಸಂಗತಿಯನ್ನು ಹಲವು ದಶಕಗಳಿಂದ ಹೇಳುತ್ತ ಬಂದಿದೆ. ನಮ್ಮ ಮನೆಗಳಿಗೆ, ನಿಜ ಹೇಳಬೇಕೆಂದರೆ ಅನೇಕ ಆಸ್ಪತ್ರೆಗಳಿಗೂ, ಆ ಮಾತು ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ನಮಗೆ ಪರಿಚಯವಿರುವ ಒಕ್ಕಲುತನದ ಮನೆಯೊಂದರಲ್ಲಿ ಎಪ್ಪತ್ತೆಂಟು ವರ್ಷದ ತಾಯಿಯೊಬ್ಬರಿದ್ದಾರೆ. ನಸುಕಿನಲ್ಲೆದ್ದು ಅಂಗಳ ಗುಡಿಸುವುದು, ಸ್ನಾನ ಮುಗಿಸಿ ಪೂಜೆಗೆ ನೆಲದ ಮೇಲೆ ಕೂರುವುದು, ಮೊಮ್ಮಕ್ಕಳ ಬುತ್ತಿಗೆ ನಾಲ್ಕು ರೊಟ್ಟಿ ಬಡಿಯುವುದು ಅವರ ನಿತ್ಯಕ್ರಮವಾಗಿತ್ತು. ಒಂದು ಮಳೆಗಾಲದಲ್ಲಿ ಜ್ವರ ಬಂದು ಕಫ ಕಟ್ಟಿ ನ್ಯುಮೋನಿಯಾ ಆಯಿತು. ಒಂಬತ್ತು ದಿನ ಪಟ್ಟಣದ ಆಸ್ಪತ್ರೆಯಲ್ಲಿದ್ದರು. ಒಂದು ಕೈಗೆ ಸಲೈನು, ಕೆಳಗೆ ಮೂತ್ರದ ನಳಿಕೆ. ಹಾಸಿಗೆಯಿಂದ ಇಳಿಯುವ ಪ್ರಸಂಗವೇ ಬರಲಿಲ್ಲ. ಔಷಧ ಸರಿಯಾಗಿ ಕೆಲಸ ಮಾಡಿತು, ಜ್ವರ ಬಿಟ್ಟಿತು. ಮನೆಗೆ ಕರೆತಂದ ಮಗ, “ಎವ್ವಾ, ನೀ ಏಳಬ್ಯಾಡ, ಎಲ್ಲಾ ಇಲ್ಲಿಗೇ ತಂದು ಕೊಡ್ತೀವಿ” ಎಂದ. ಹಾಗೆಯೇ ನಡೆದುಕೊಂಡ ಕೂಡ. ಗಂಜಿ, ಹಾಲು, ಮುಖ ತೊಳೆಯುವ ನೀರು, ಮಲಮೂತ್ರದ ಪಾತ್ರೆ ಎಲ್ಲವೂ ಮಂಚದ ಬಳಿಗೇ ಬಂದವು. ಮೂರು ವಾರ ಕಳೆದ ಮೇಲೆ ಅವರನ್ನು ನಿಲ್ಲಿಸಲು ಹೋದರೆ ಮೊಣಕಾಲುಗಳು ಕುಸಿದವು. ನೋಡಲು ಬಂದವರು “ವಯಸ್ಸಾತಲ್ಲ, ಇನ್ನೇನು” ಎಂದು ಸಮಾಧಾನ ಹೇಳಿ ಹೋದರು.

ಈ ಮನೆಯಲ್ಲಿ ಯಾರೂ ತಾಯಿಯನ್ನು ಅಲಕ್ಷ್ಯ ಮಾಡಿರಲಿಲ್ಲ. ಸೇವೆಯಲ್ಲಿ ಕೊರತೆಯಾಗಿರಲಿಲ್ಲ. ಆದದ್ದು ವಯಸ್ಸಿನಿಂದ ಎಂಬ ಮಾತೂ ಸರಿಯಲ್ಲ, ಏಕೆಂದರೆ ಆಸ್ಪತ್ರೆಗೆ ಸೇರುವ ಹಿಂದಿನ ವಾರವೂ ಅವರ ವಯಸ್ಸು ಎಪ್ಪತ್ತೆಂಟೇ ಆಗಿತ್ತು. ಹಾಗಾದರೆ ಆ ಒಂದು ತಿಂಗಳಲ್ಲಿ ನಡೆದದ್ದೇನು?

ನಮ್ಮ ದೇಹ ಭೂಮಿಯ ಸೆಳೆತದ ಎದುರು ನೆಟ್ಟಗೆ ನಿಲ್ಲುವುದಕ್ಕಾಗಿ ಪ್ರತಿದಿನ ದುಡಿಯುತ್ತದೆ. ತೊಡೆ, ಮೀನಖಂಡ, ಬೆನ್ನುಗಳ ಸ್ನಾಯುಗಳಿಗೆ ನಿಲ್ಲುವುದು, ನಡೆಯುವುದೇ ಆಹಾರವಿದ್ದಂತೆ. ಮಲಗಿದ ದೇಹಕ್ಕೆ ಈ ದುಡಿಮೆ ಇಲ್ಲ. ಬಳಸದ ಸ್ನಾಯುವನ್ನು ದೇಹ ತಾನೇ ಕರಗಿಸುತ್ತದೆ. ಮೊದಲ ಕೆಲವು ದಿನಗಳಲ್ಲೇ ರಕ್ತದ ದ್ರವಾಂಶ ಕಡಿಮೆಯಾಗುತ್ತದೆ. ಹೀಗಾಗಿ ಬಹಳ ದಿನ ಮಲಗಿದವರು ಒಮ್ಮೆಲೇ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಕವಿಯುತ್ತದೆ. ಶ್ವಾಸಕೋಶದ ಕೆಳಭಾಗ ಪೂರ್ತಿ ಹಿಗ್ಗದೆ ಕಫ ಅಲ್ಲೇ ನಿಲ್ಲುತ್ತದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೂಳೆ ಸುಣ್ಣದಂಶವನ್ನು ಕಳೆದುಕೊಳ್ಳುತ್ತದೆ, ಮಲಬದ್ಧತೆಯಾಗುತ್ತದೆ, ಹಸಿವು ಸಾಯುತ್ತದೆ. ಮೂಳೆ ಉಬ್ಬಿರುವ ಸೊಂಟದ ಹಿಂಭಾಗ, ಹಿಮ್ಮಡಿಗಳಂಥ ಕಡೆ ಚರ್ಮ ಒತ್ತಿ ಹುಣ್ಣಾಗುತ್ತದೆ. ಹಗಲು ರಾತ್ರಿಗಳ ವ್ಯತ್ಯಾಸ ಅಳಿಸಿಹೋಗಿ ಮನಸ್ಸೂ ಮಂಕಾಗುತ್ತದೆ.

ಇದೆಲ್ಲ ಯುವಕರಿಗೂ ಆಗುವುದೇ. ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಅವರ ದೇಹದ ದುಡಿಯುವ ಶಕ್ತಿಯನ್ನು ಅಳೆಯಲಾಯಿತು. ಮೂವತ್ತು ವರ್ಷಗಳ ಬಳಿಕ ಸಂಶೋಧಕರು ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದಾಗ ಕಂಡ ಸಂಗತಿ ವಿಚಿತ್ರವಾಗಿತ್ತು. ಮೂರು ವಾರದ ಹಾಸಿಗೆವಾಸ ಕಸಿದಷ್ಟು ಶಕ್ತಿಯನ್ನು ಮೂವತ್ತು ವರ್ಷಗಳ ವಯಸ್ಸು ಕಸಿದಿರಲಿಲ್ಲ! ಅಷ್ಟಕ್ಕೇ ಬಿಡದೆ, ಐವತ್ತು ದಾಟಿದ್ದ ಅವರಿಗೆ ಆರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿಸಿದಾಗ ವಯಸ್ಸು ಕಸಿದಿದ್ದ ಶಕ್ತಿಯೂ ಮರಳಿತು. ಐವರ ಮೇಲಿನ ಅಧ್ಯಯನ ಚಿಕ್ಕದೆಂಬುದು ನಿಜ. ಆದರೂ ಮುಪ್ಪಿನ ಲೆಕ್ಕಕ್ಕೆ ನಾವು ಬರೆಯುವ ಎಷ್ಟೋ ನಷ್ಟ ವಾಸ್ತವವಾಗಿ ನಿಶ್ಚಲತೆಯ ಲೆಕ್ಕಕ್ಕೆ ಸೇರಬೇಕಾದದ್ದೆಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಹಿರಿಯರಲ್ಲಿ ಈ ನಷ್ಟ ಇನ್ನೂ ಬೇಗ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ ಅರವತ್ತೇಳು ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ ಸಣ್ಣ ಗುಂಪೊಂದು ಹತ್ತು ದಿನ ಹಾಸಿಗೆಯಲ್ಲಿ ಇದ್ದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಲ ಭಾಗ ಕರಗಿತ್ತು. ಅವರಿಗೆ ಜ್ವರವಿರಲಿಲ್ಲ, ಹೊಟ್ಟೆಗೂ ಕಡಿಮೆಯಾಗಿರಲಿಲ್ಲ. ಜ್ವರವೂ ಅರೆಹೊಟ್ಟೆಯೂ ಕೂಡಿದ ನಮ್ಮ ತಾಯಂದಿರ ಪಾಡನ್ನು ಇದರಿಂದ ಊಹಿಸಬಹುದು. ಕಣಜ ತುಂಬಿದ ಮನೆ ಒಂದು ವರ್ಷದ ಬರವನ್ನು ಹೇಗೋ ದಾಟುತ್ತದೆ. ಅಂದಂದಿನ ಕಾಳು ಅಂದಂದಿಗೇ ಬೀಸಿಕೊಳ್ಳುವ ಮನೆಗೆ ಒಂದು ತಿಂಗಳ ಬರವೂ ಭಾರ. ಇಪ್ಪತ್ತರ ಹುಡುಗ ಕುರ್ಚಿಯಿಂದ ಏಳಲು ತೊಡೆಯ ಬಲದ ಒಂದು ಅಂಶವನ್ನಷ್ಟೇ ಬಳಸುತ್ತಾನೆ. ಎಂಬತ್ತರ ಅಜ್ಜಿಗೆ ಅದೇ ಕೆಲಸಕ್ಕೆ ಇರುವ ಬಲವೆಲ್ಲ ಬೇಕಾಗಬಹುದು. ಅದರಲ್ಲಿ ಸ್ವಲ್ಪ ಕಡಿಮೆಯಾದರೂ ಏಳುವುದು ‘ಕಷ್ಟ’ವಾಗುವುದಿಲ್ಲ, ಅಸಾಧ್ಯವೇ ಆಗುತ್ತದೆ. ಹಿರಿಯರು ‘ಒಂದೇ ತಿಂಗಳಲ್ಲಿ ಕುಸಿದುಬಿಟ್ಟರು’ ಎಂದು ನಮಗೆ ತೋರುವುದು ಇದೇ ಕಾರಣಕ್ಕೆ.

ವೃದ್ಧರ ವೈದ್ಯಶಾಸ್ತ್ರ ಹುಟ್ಟಿದ್ದೇ ಹಾಸಿಗೆಯೊಡನೆ ಹೂಡಿದ ಹೋರಾಟದಿಂದ ಎಂದರೆ ತಪ್ಪಾಗದು. ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ವೈದ್ಯರಾಗಿದ್ದ ಇಗ್ನಾಟ್ಸ್ ನಾಷರ್ 1909ರಲ್ಲಿ ಈ ಶಾಖೆಗೆ ‘ಜೀರಿಯಾಟ್ರಿಕ್ಸ್’ ಎಂಬ ಹೆಸರು ಕೊಟ್ಟರು. ಮಕ್ಕಳಿಗೆ ಬೇರೆ ವೈದ್ಯಶಾಖೆ ಇರುವಂತೆ ಮುದುಕರಿಗೂ ಬೇಕೆಂಬುದು ಅವರ ವಾದ. ಹೆಸರೇನೋ ಬಂತು, ಆ ಹೆಸರಿಗೆ ತಕ್ಕ ಕೆಲಸವನ್ನು ಆಸ್ಪತ್ರೆಯ ವಾರ್ಡಿನಲ್ಲಿ ಮಾಡಿ ತೋರಿಸಿದವರು ಲಂಡನ್ನಿನ ಪಶ್ಚಿಮ ಭಾಗದ ಐಲ್‌ವರ್ತ್‌ನಲ್ಲಿದ್ದ ವೈದ್ಯೆ ಮಾರ್ಜರಿ ವಾರನ್.

ವಾರನ್ ಅವರು ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿದ್ದರು. ಅದರ ಪಕ್ಕದಲ್ಲೇ ಬಡವರಿಗಾಗಿ ನಡೆಸುತ್ತಿದ್ದ ಹಳೆಯ ಆಶ್ರಯಶಾಲೆಯೊಂದಿತ್ತು. 1935ರಲ್ಲಿ ಅದರ ರೋಗಿಗಳ ಹೊಣೆ ಆಸ್ಪತ್ರೆಗೆ ಬಂತು. ಅವರ ಸಂಖ್ಯೆ 714. ಹೆಚ್ಚಿನವರು ಮುದುಕರು, ಎಷ್ಟೋ ಮಂದಿ ವರ್ಷಗಟ್ಟಲೆ ಮಂಚದಿಂದ ಇಳಿಯದವರು. ‘ದೀರ್ಘರೋಗಿ’ ಎಂಬ ಒಂದೇ ಪಟ್ಟಿಯಡಿ ಎಲ್ಲರೂ ಇದ್ದರು. ಪಾರ್ಶ್ವವಾಯು ಬಡಿದವರು, ಮೂಳೆ ಮುರಿದವರು, ಬುದ್ಧಿಭ್ರಮಣೆಯಾದವರು, ಹೋಗಲು ಮನೆಯಿಲ್ಲದವರು ಒಂದೇ ಸಾಲಿನಲ್ಲಿ ಮಲಗಿದ್ದರು. ವಾರನ್ ಮಾಡಿದ ಮೊದಲ ಕೆಲಸ ಇಂದು ಸರಳವೆನಿಸುತ್ತದೆ: ಒಬ್ಬೊಬ್ಬರನ್ನೂ ಕೂಲಂಕಷವಾಗಿ ಪರೀಕ್ಷಿಸಿದರು. ಯಾರಿಗೆ ಏನಾಗಿದೆ, ಯಾರು ಏಳಬಲ್ಲರು, ಯಾರನ್ನು ನಡೆಸಬಹುದು ಎಂದು ವಿಂಗಡಿಸಿದರು. ಮಂಕು ಹಿಡಿದ ಗೋಡೆಗಳಿಗೆ ತಿಳಿಬಣ್ಣ ಬಂತು, ಬೆಳಕು ಬಂತು, ಹಿಡಿದು ನಡೆಯಲು ಆಸರೆಗಳು ಬಂದವು. ದಾದಿಯರು ಹೊದಿಕೆ ಸರಿಪಡಿಸುವ ಕೆಲಸದಿಂದ ಮುಂದೆ ಸಾಗಿ ರೋಗಿಯನ್ನು ಕೂರಿಸುವ, ನಿಲ್ಲಿಸುವ, ತಾನೇ ಬಟ್ಟೆ ತೊಡುವಂತೆ ಮಾಡುವ ಕೆಲಸವನ್ನು ಕಲಿತರು. ಕ್ರಮೇಣ ಅನೇಕರು ಮನೆಗೆ ಮರಳಿದರು, ಇನ್ನು ಕೆಲವರು ಹಿರಿಯರ ನಿವಾಸಗಳಿಗೆ ಹೋದರು. ದೀರ್ಘರೋಗಿಗಳಿಗೆಂದು 714 ಹಾಸಿಗೆ ಬೇಕಿದ್ದಲ್ಲಿ ಸುಮಾರು 240 ಸಾಕಾದವು. ಹೊಸ ಔಷಧವೊಂದರಿಂದ ಆದ ಬದಲಾವಣೆಯಲ್ಲ ಇದು, ಆಗಿನ್ನೂ ಪೆನಿಸಿಲಿನ್ ಕೂಡ ಬಳಕೆಗೆ ಬಂದಿರಲಿಲ್ಲ. ತಮ್ಮ ಅನುಭವವನ್ನು ಅವರು 1943 ಮತ್ತು 1946ರಲ್ಲಿ ವೈದ್ಯಪತ್ರಿಕೆಗಳಲ್ಲಿ ಬರೆದರು. ಬ್ರಿಟನ್ನಿನಲ್ಲಿ ಈ ಶಾಖೆಗೆ ಮನ್ನಣೆ ದೊರೆಯುವಲ್ಲಿ ಆ ಬರಹಗಳ ಪಾಲು ದೊಡ್ಡದು. ಮರುವರ್ಷ, 1947ರಲ್ಲಿ, ರಿಚರ್ಡ್ ಆ್ಯಷರ್ ಎಂಬ ವೈದ್ಯರು ಹಾಸಿಗೆಯಲ್ಲಿ ಮಲಗುವುದರ ಅಪಾಯಗಳನ್ನೇ ವಿಷಯವಾಗಿಸಿಕೊಂಡು, ಅಂಗಾಂಗಗಳನ್ನು ಒಂದೊಂದಾಗಿ ಹೆಸರಿಸುತ್ತ ಒಂದು ಪ್ರಸಿದ್ಧ ಲೇಖನ ಬರೆದರು. ನಮ್ಮ ದೇಶದಲ್ಲಿ ವೃದ್ಧರಿಗಾಗಿ ಪ್ರತ್ಯೇಕ ಚಿಕಿತ್ಸಾ ವಿಭಾಗ 1978ರಲ್ಲಿ ಮದ್ರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರ ಪ್ರಯತ್ನದಿಂದ ಆರಂಭವಾಯಿತು.

ಎಬ್ಬಿಸಿ ಕೂರಿಸುವುದು ಸರಿ, ಆದರೆ ತೊಂಬತ್ತರ ಸ್ನಾಯು ಮತ್ತೆ ಬಲಿಯಬಲ್ಲದೆ? ಈ ಅನುಮಾನ ವೈದ್ಯರಿಗೂ ಬಹುಕಾಲ ಇತ್ತು. 1990ರಲ್ಲಿ ಬಾಸ್ಟನ್ ನಗರದ ವೃದ್ಧಾಲಯವೊಂದರಲ್ಲಿ ಡಾ. ಮಾರಿಯಾ ಫಿಯಟರೋನ್ ಮತ್ತು ಸಂಗಡಿಗರು ಹತ್ತು ಮಂದಿ ದುರ್ಬಲ ಹಿರಿಯರನ್ನು ಆರಿಸಿಕೊಂಡರು. ಅವರ ವಯಸ್ಸು 86ರಿಂದ 96. ಕುಳಿತಲ್ಲಿಂದ ಕಾಲನ್ನು ಭಾರದ ವಿರುದ್ಧ ಎತ್ತಿ ಇಳಿಸುವ ವ್ಯಾಯಾಮವನ್ನು, ದಿನ ಕಳೆದಂತೆ ಭಾರ ಹೆಚ್ಚಿಸುತ್ತ, ಎಂಟು ವಾರ ಮಾಡಿಸಿದರು. ಕೊನೆಯವರೆಗೆ ಮಾಡಿದವರ ತೊಡೆಯ ಬಲ ಸರಾಸರಿ 174 ಪ್ರತಿಶತದಷ್ಟು ಏರಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ನಾಲ್ಕು ವರ್ಷಗಳ ನಂತರ ಅದೇ ತಂಡ ನೂರು ಮಂದಿಯ ಮೇಲೆ ಇನ್ನೊಂದು ಅಧ್ಯಯನ ನಡೆಸಿತು. ಅದರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ. ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು, ನಡಿಗೆ ಚುರುಕಾಯಿತು. ವ್ಯಾಯಾಮವಿಲ್ಲದೆ ಬರೀ ಪೇಯ ಕುಡಿದವರಲ್ಲಿ ಇಂಥ ಲಾಭ ಕಾಣಲಿಲ್ಲ. ಕಾಯಿಲೆಯಿಂದ ಎದ್ದವರನ್ನು ನೋಡಲು ಹೋಗುವಾಗ ನಾವೆಲ್ಲ ಶಕ್ತಿವರ್ಧಕ ಪುಡಿಯ ಡಬ್ಬಿ ಕೈಯಲ್ಲಿ ಹಿಡಿದು ಹೋಗುತ್ತೇವಲ್ಲ, ಆಗ ಈ ಫಲಿತಾಂಶವನ್ನು ನೆನೆಯುವುದು ಒಳ್ಳೆಯದು. ಡಬ್ಬಿ ಬೇಡವೆಂದಲ್ಲ, ಅದನ್ನು ಕೊಟ್ಟು, ಕೈ ಹಿಡಿದು ಜಗುಲಿಯವರೆಗೆ ನಡೆಸಿ ಬಂದರೆ ಉಡುಗೊರೆ ಪೂರ್ಣವಾಗುತ್ತದೆ.

ಆಹಾರದ ಬಗ್ಗೆ ಇಷ್ಟು ಹೇಳಬೇಕು. ಹಿರಿಯರಿಗೆ ‘ಹಗುರ ಊಟ’ದ ಹೆಸರಿನಲ್ಲಿ ಗಂಜಿ, ಬ್ರೆಡ್ಡು, ಚಹಾಗಳೇ ಸಿಗುತ್ತವೆ. ತಜ್ಞರ ಸಲಹೆಯಂತೆ ಅವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು, ಅಂದರೆ ಐವತ್ತು ಕಿಲೋ ತೂಗುವವರಿಗೆ 50ರಿಂದ 60 ಗ್ರಾಂ ಬೇಕು. ಗಟ್ಟಿ ಬೇಳೆ, ಮೊಳಕೆ ಬಂದ ಹೆಸರುಕಾಳಿನ ಪಲ್ಯ, ಮೊಸರು, ಹಾಲು, ಹಲ್ಲಿಲ್ಲದವರಿಗೆ ಶೇಂಗಾದ ಹಿಂಡಿ ಇವನ್ನು ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನನ್ನು ಹೆಚ್ಚಿಸಬೇಕು.

ಇಷ್ಟೆಲ್ಲ ತಿಳಿದ ಮೇಲೂ ಆಸ್ಪತ್ರೆಗಳು ಮಲಗಿಸುವುದನ್ನು ಬಿಟ್ಟಿವೆಯೇ? ಅಮೆರಿಕದಲ್ಲೇ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಳರೋಗಿಗಳಾಗಿದ್ದ ಹಿರಿಯರ ಕಾಲಿಗೆ ಚಲನೆ ಅಳೆಯುವ ಸಾಧನ ಕಟ್ಟಿ ನೋಡಿದರು. ಆಸ್ಪತ್ರೆಗೆ ಬರುವ ಮುಂಚೆ ಅವರು ನಡೆದಾಡುತ್ತಿದ್ದವರೇ. ಆದರೂ ಅಲ್ಲಿದ್ದ ಕಾಲದ 83 ಪ್ರತಿಶತವನ್ನು ಮಲಗಿಯೇ ಕಳೆದಿದ್ದರು. ಬೇರೆ ದಾರಿ ಇದೆಯೆಂಬುದನ್ನು ಸ್ಪೇನಿನ ಪಾಂಪ್ಲೋನಾ ನಗರದ ಆಸ್ಪತ್ರೆಯಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸರಾಸರಿ 87 ವಯಸ್ಸಿನ 370 ರೋಗಿಗಳಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಕೆಲವು ದಿನಗಳ ಮಧ್ಯಮ ತೀವ್ರತೆಯ ವ್ಯಾಯಾಮ. ಆಸ್ಪತ್ರೆ ಬಿಡುವ ಹೊತ್ತಿಗೆ ಮೊದಲ ಗುಂಪಿನವರ ಸ್ವಾವಲಂಬನೆ ಬಂದಾಗ ಇದ್ದುದಕ್ಕಿಂತ ಕುಗ್ಗಿತ್ತು, ಎರಡನೆಯವರದು ತುಸು ಹೆಚ್ಚಿತ್ತು. ರೋಗ ವಾಸಿ ಮಾಡುವುದು, ಮನುಷ್ಯನನ್ನು ಅವನ ಕಾಲ ಮೇಲೆ ಮನೆಗೆ ಕಳಿಸುವುದು ಎರಡೂ ಒಂದೇ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಹೀಗಾಗಿ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದ ಮಕ್ಕಳು ವೈದ್ಯರನ್ನು ವಿನಯದಿಂದ ಕೇಳಲೇಬೇಕಾದ ಪ್ರಶ್ನೆ, “ಇವತ್ತು ಇವರನ್ನು ಕುರ್ಚಿಯಲ್ಲಿ ಕೂರಿಸಬಹುದೆ?” ಎಂಬುದು. ಎರಡನೆಯದು ಮೂತ್ರದ ನಳಿಕೆಯ ವಿಚಾರ. ಆ ನಳಿಕೆ ಸೋಂಕಿಗೂ ದಾರಿ, ಮಂಚಕ್ಕೆ ಕಟ್ಟಿದ ಹಗ್ಗವೂ ಹೌದು. ಕೆಲವರಿಗೆ ಅದು ಅನಿವಾರ್ಯ. ಉಳಿದವರಿಗೆ ಆರೈಕೆ ಮಾಡುವವರ ಅನುಕೂಲಕ್ಕಾಗಿ ಉಳಿದುಬಿಡುತ್ತದೆ. ಅದು ಇನ್ನೂ ಬೇಕೇ ಎಂದು ದಿನಾ ವಿಚಾರಿಸುವುದರಲ್ಲಿ ತಪ್ಪಿಲ್ಲ. ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟು, ಕಾಲಿಗೆ ಹೊಂದುವ ಚಪ್ಪಲಿ ಇವನ್ನು ‘ಕಳೆದುಹೋದಾವು’ ಎಂದು ಮನೆಯಲ್ಲಿ ಬಿಟ್ಟು ಹೋಗುವವರೇ ಹೆಚ್ಚು. ಕಣ್ಣು ಕಾಣದೆ, ಕಿವಿ ಕೇಳದೆ ಅಪರಿಚಿತ ಕೋಣೆಯಲ್ಲಿ ಎದ್ದು ನಡೆ ಎಂದರೆ ಯಾರು ನಡೆದಾರು?

ಮನೆಗೆ ಬಂದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಬೇಕು. ಎರಡು ನಿಮಿಷ ಕಳೆದು ತಲೆ ತಿರುಗದಿದ್ದರೆ ಆಸರೆ ಕೊಟ್ಟು ನಿಲ್ಲಿಸಬೇಕು. ಊಟವನ್ನು ಮಂಚಕ್ಕೆ ಒಯ್ಯದೆ ಅವರನ್ನೇ ಊಟದ ಜಾಗಕ್ಕೆ ಕರೆತರಬೇಕು. ಶೌಚಕ್ಕೆ ನಡೆದು ಹೋಗುವುದು ದಿನಕ್ಕೆ ಐದಾರು ಸಲ ತಾನಾಗಿ ಸಿಗುವ ವ್ಯಾಯಾಮ. ದಾರಿಯಲ್ಲಿ ರಾತ್ರಿ ದೀಪ, ಗೋಡೆಗೆ ಹಿಡಿಕೆ, ಒದ್ದೆಯಿಲ್ಲದ ನೆಲ ಇದ್ದರೆ ಸಾಕು. ಎತ್ತರದ ಗಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರುವುದನ್ನು ಬೆಳಿಗ್ಗೆ ಸಂಜೆ ಮಾಡಿಸಬಹುದು. ಎದೆನೋವು, ಹೆಚ್ಚಿದ ಉಸಿರಾಟ, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಬೇಕು.

ಇಲ್ಲಿ ನೆಲದ ಮೇಲೆ ಕೂರುವ ನಮ್ಮ ರೂಢಿಯ ಮಾತು ಬರುತ್ತದೆ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ಕ್ಲೌಡಿಯೊ ಗಿಲ್ ಅರೌಜೊ ಎಂಬ ವೈದ್ಯರ ತಂಡ 51ರಿಂದ 80 ವಯಸ್ಸಿನ 2002 ಮಂದಿಗೆ ನೆಲದ ಮೇಲೆ ಕೂತು ಏಳಲು ಹೇಳಿ, ಎಷ್ಟು ಸಲ ಕೈ, ಮೊಣಕಾಲು ಊರಿದರೆಂದು ನೋಡಿ ಅಂಕ ಕೊಟ್ಟಿತು. ಮುಂದಿನ ಸುಮಾರು ಆರು ವರ್ಷಗಳಲ್ಲಿ ಅತಿ ಕಡಿಮೆ ಅಂಕದವರ ಸಾವಿನ ಪ್ರಮಾಣ ಹೆಚ್ಚು ಅಂಕದವರದಕ್ಕಿಂತ ಐದಾರು ಪಟ್ಟು ಇತ್ತು. ನೆಲದಿಂದ ಏಳುವುದೇ ಆಯುಷ್ಯ ಕೊಡುತ್ತದೆಂದು ಇದರರ್ಥವಲ್ಲ. ಏಳಬಲ್ಲ ದೇಹದಲ್ಲಿ ಬಲ, ಸಮತೋಲನ, ಕೀಲಿನ ಸಡಿಲತೆ ಉಳಿದಿವೆ ಎಂಬುದಕ್ಕೆ ಅದು ಗುರುತು. ಮೊಣಕಾಲು ಸವೆದವರು ಹಟ ಮಾಡಿ ನೆಲಕ್ಕೆ ಕೂರಬೇಕಾಗಿಲ್ಲ. ಆದರೆ ಇಷ್ಟು ವರ್ಷ ಪೂಜೆಗೆ, ಊಟಕ್ಕೆ ನೆಲದಲ್ಲಿ ಕೂತು ಸಲೀಸಾಗಿ ಏಳುತ್ತಿರುವ ಹಿರಿಯರಿಗೆ, ಮಕ್ಕಳು ಮುತುವರ್ಜಿಯಿಂದ ಸೋಫಾ ತಂದು ‘ಇನ್ನು ಕೆಳಗೆ ಕೂರಬೇಡಿ’ ಎನ್ನುವುದು ಉಪಕಾರವಾಗಲಾರದು.

ಸೊಂಟದ ಮೂಳೆ ಮುರಿದಾಗ ನಮ್ಮ ಕಡೆ ಕೇಳಿಬರುವ ಮಾತು, “ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಮಲಗಿರಲಿ, ತಾನೇ ಕೂಡಿಕೊಳ್ಳುತ್ತದೆ” ಎಂಬುದು. ಎಲ್ಲಕ್ಕಿಂತ ಹೆಚ್ಚು ಜೀವಹಾನಿ ಮಾಡುವ ಮಾತು ಇದೇ ಇರಬೇಕು. ಬ್ರಿಟನ್ನಿನ 2011ರ ಮಾರ್ಗಸೂಚಿಯ ಪ್ರಕಾರ ಆಸ್ಪತ್ರೆಗೆ ಬಂದ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆ, ಅದರ ಮರುದಿನವೇ ರೋಗಿಯನ್ನು ಎಬ್ಬಿಸುವುದು ಸರಿಯಾದ ಕ್ರಮ. ಅಲ್ಲಿ ಶಸ್ತ್ರಚಿಕಿತ್ಸೆಯ ಮುಖ್ಯ ಉದ್ದೇಶವೇ ಬೇಗ ಎಬ್ಬಿಸುವುದು. ಶಸ್ತ್ರಚಿಕಿತ್ಸೆ ತಾಳಲಾರದ ದೇಹಸ್ಥಿತಿ ಕೆಲವರಿಗೆ ಇರುತ್ತದೆ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ಜನ್ಮಪತ್ರಿಕೆಯಲ್ಲಿನ ಇಸವಿಯಲ್ಲ.

ಮಲಗಲೇಬೇಕಾದವರೂ ಇದ್ದಾರೆ. ಕೊನೆಯ ದಿನಗಳಲ್ಲಿರುವವರನ್ನು ಬಲವಂತವಾಗಿ ಎಬ್ಬಿಸುವುದು ಹಿಂಸೆ. ಅವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ಒಣಗಿರಿಸಿ ದಿನಕ್ಕೊಮ್ಮೆ ಕೆಂಪಾಗಿದೆಯೇ ನೋಡುವುದು, ಬಾಯಿ ಶುಚಿಯಾಗಿಡುವುದು, ನೋವಿಗೆ ತಕ್ಕ ಔಷಧ ಕೊಡಿಸುವುದು ಇವೇ ಆರೈಕೆ. ಇನ್ನೊಂದು ಮಾತನ್ನು ಮುಚ್ಚಿಡಬಾರದು. ಹಿರಿಯರನ್ನು ಎಬ್ಬಿಸಿ ನಡೆಸುವುದು ಮಲಗಿಸಿ ಉಣಿಸುವುದಕ್ಕಿಂತ ಹೆಚ್ಚು ಹೊತ್ತು ಬೇಡುವ ಕೆಲಸ, ಮತ್ತು ಆ ಹೊತ್ತು ಹೆಚ್ಚಾಗಿ ಮನೆಯ ಸೊಸೆಯದು ಅಥವಾ ಮಗಳದು. ‘ನಡೆಸಬೇಕು’ ಎಂದು ಉಪದೇಶಿಸುವ ಗಂಡಸರು ದಿನಕ್ಕೆ ಒಂದು ಹೊತ್ತಾದರೂ ತಾವೇ ತೋಳು ಕೊಡದಿದ್ದರೆ ಮೇಲಿನ ಸಂಶೋಧನೆಗಳೆಲ್ಲ ಇನ್ನೊಬ್ಬಳ ಬೆನ್ನುನೋವಾಗಿ ಮುಗಿಯುತ್ತವೆ. ವೃದ್ಧರ ಆರೋಗ್ಯಕ್ಕಾಗಿ 2010–11ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ಪ್ರತ್ಯೇಕ ವಾರ್ಡಿಗೂ ಫಿಸಿಯೋಥೆರಪಿಗೂ ಅವಕಾಶವಿದೆ. ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಿ ವಿಚಾರಿಸಬೇಕು.

ಮೊದಲು ಹೇಳಿದ ಆ ತಾಯಿಯ ಮನೆಗೆ ಫಿಸಿಯೋಥೆರಪಿ ಕಲಿತ ಹುಡುಗಿಯೊಬ್ಬಳು ವಾರಕ್ಕೆರಡು ಸಲ ಬರತೊಡಗಿದಳು. ಉಳಿದ ದಿನ ಮಗನೇ ಹೊಲಕ್ಕೆ ಹೋಗುವ ಮುನ್ನ ಅವ್ವನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಮೊದಲ ವಾರ ಅವರು ಅತ್ತರು, ಬೈದರು. ನಾಲ್ಕನೆಯ ವಾರ ಮಂಚದಿಂದ ಬಾಗಿಲಿಗೆ, ಮೂರನೆಯ ತಿಂಗಳು ಕೋಲೂರಿ ಅಂಗಳಕ್ಕೆ. ನೆಲದಲ್ಲಿ ಕೂರಲು ಈಗ ಆಗುವುದಿಲ್ಲ. ಪೂಜೆ ಎತ್ತರದ ಮಣೆಯ ಮೇಲೆ. ರೊಟ್ಟಿ ಬಡಿಯುವುದು ಸೊಸೆಯ ಪಾಲಿಗೆ ಹೋಗಿದೆ. ಅಂಗಳ ಗುಡಿಸುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಉದ್ದ ಹಿಡಿಯ ಪೊರಕೆ. ಅರ್ಧ ಅಂಗಳ ಗುಡಿಸಿ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು, ಉಳಿದರ್ಧಕ್ಕೆ ಮತ್ತೆ ಏಳುತ್ತಾರೆ.